ಕೋಲ್ಡ್ ಬ್ರೂ ಎಲ್ಲಿ ಕೆಟ್ಟಿತು? ಮನೆಯಲ್ಲೇ ಪತ್ತೆ ಮಾಡುವ ಬಗೆ

ರಾತ್ರಿ ತಣ್ಣೀರಲ್ಲಿ ನೆನೆಹಾಕಿದ ಕಾಫಿ, ಅಂದರೆ ಕೋಲ್ಡ್ ಬ್ರೂ, ಬೆಳಿಗ್ಗೆ ಕಹಿಯಾಗಿದ್ದರೆ ಹೆಚ್ಚಿನವರು ಮೊದಲು ಬೈಯುವುದು ಗಡಿಯಾರವನ್ನು. ಹದಿನಾರು ಗಂಟೆ ಜಾಸ್ತಿಯಾಯ್ತೇನೋ ಅಂತ ಹನ್ನೆರಡಕ್ಕೆ ಇಳಿಸುತ್ತಾರೆ. ಆಗ ನೀರುನೀರು. ಮತ್ತೆ ಇಪ್ಪತ್ತಕ್ಕೆ ಏರಿಸುತ್ತಾರೆ. ಆಗ ಇನ್ನೂ ಕಹಿ. ಹೀಗೇ ಅರ್ಧ ಕೆಜಿ ಪುಡಿ ಸಿಂಕ್ ಪಾಲಾಗುತ್ತದೆ.

ನಮ್ಮ ಕಡೆಯ ಅಡುಗೆಮನೆಗಳಲ್ಲಿ ಕೋಲ್ಡ್ ಬ್ರೂ ಕೆಡುವುದು ಬಹುತೇಕ ಗಂಟೆಯಿಂದಲ್ಲ, ಪುಡಿಯಿಂದ. ಬೀದಿ ಕೊನೆಯ ಅಂಗಡಿಯಲ್ಲಿ ಸಿಗುವ ಪುಡಿಯನ್ನು ಮಾಡಿರುವುದೇ ಸ್ಟೀಲ್ ಫಿಲ್ಟರ್‌ಗೆ, ಕುದಿಯುವ ನೀರಿಗೆ, ಬಿಸಿ ಹಾಲಿಗೆ. ಅದನ್ನೇ ರಾತ್ರಿಯಿಡೀ ತಣ್ಣೀರಲ್ಲಿ ಮುಳುಗಿಸಿಟ್ಟರೆ ಪಾಪ, ಅದರ ತಪ್ಪೇನಿದೆ?

ಹುಡುಕಾಟ ಶುರು ಮಾಡುವ ಮೊದಲು ಒಂದು ಅಳತೆ ಇಟ್ಟುಕೊಳ್ಳೋಣ. ಚಿಕೋರಿ ಇಲ್ಲದ, ತರಿತರಿಯಾದ ಕಾಫಿ ಪುಡಿ 100 ಗ್ರಾಂ. ನೀರು 500 ಮಿ.ಲೀ. ಹೊರಗೆ ಇಟ್ಟರೆ 12ರಿಂದ 16 ಗಂಟೆ, ಫ್ರಿಜ್‌ನಲ್ಲಾದರೆ 18ರಿಂದ 24 ಗಂಟೆ. ಸೋಸಿದ ಮೇಲೆ ಸಿಗುವುದು ಗಟ್ಟಿ ಡಿಕಾಕ್ಷನ್. ಅದರ ಒಂದು ಪಾಲಿಗೆ ಎರಡು ಪಾಲು ನೀರು ಅಥವಾ ಹಾಲು. ಇದೇ ಸರಿ, ಉಳಿದದ್ದೆಲ್ಲ ತಪ್ಪು ಅಂತಲ್ಲ. ಏನು ತಪ್ಪಿತು ಅಂತ ಹುಡುಕೋಕೆ ಒಂದು ಗುರುತಿನ ಕಲ್ಲು ಬೇಕು, ಅಷ್ಟೇ. ಇನ್ನೊಂದು ಮಾತು: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪುಡಿ, ನೀರು, ಗಂಟೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ರುಚಿ ಸುಧಾರಿಸಬಹುದು, ಯಾವುದರಿಂದ ಅಂತ ಮಾತ್ರ ಗೊತ್ತಾಗುವುದಿಲ್ಲ.

ಮೊದಲ ಪರೀಕ್ಷೆ: ಬರಿಯ ಡಿಕಾಕ್ಷನ್

ಹಾಲು, ಸಕ್ಕರೆ, ಐಸ್ ಎಲ್ಲ ಪಕ್ಕಕ್ಕಿಡಿ. ಎರಡು ಚಮಚ ಡಿಕಾಕ್ಷನ್‌ಗೆ ನಾಲ್ಕು ಚಮಚ ಸಾದಾ ನೀರು ಬೆರೆಸಿ, ಸ್ವಲ್ಪ ಹೊತ್ತು ಫ್ರಿಜ್‌ನಿಂದ ಹೊರಗಿಟ್ಟು ಆಮೇಲೆ ಕುಡಿಯಿರಿ. ತುಂಬ ತಣ್ಣಗಿದ್ದಾಗ ನಾಲಗೆಗೆ ರುಚಿ ಅರ್ಧಂಬರ್ಧ ತಿಳಿಯುತ್ತದೆ. ಆದರೆ ಮೊದಲು ಮುಚ್ಚಳ ತೆಗೆದು ಮೂಸಿ ನೋಡಿ. ಬಾಟಲಿ ತೆರೆಯುವಾಗ ಸುಸ್ ಅಂತ ಗಾಳಿ ಹೊರಬಂದರೆ, ಮೇಲೆ ಪೊರೆ ಕಟ್ಟಿದ್ದರೆ, ಹಳಸಿದ ವಾಸನೆ ಇದ್ದರೆ ರುಚಿ ನೋಡುವ ಸಾಹಸವೇ ಬೇಡ. ನೇರವಾಗಿ ಚೆಲ್ಲಿ.

ಈ ಬರಿಯ ಡಿಕಾಕ್ಷನ್ ಚೆನ್ನಾಗಿದ್ದರೆ ನಿಮ್ಮ ತೊಂದರೆ ಲೋಟದಲ್ಲಿದೆ: ಹಾಲು, ಐಸ್ ಅಥವಾ ಸಕ್ಕರೆ. ಕೊನೆಯ ಭಾಗಕ್ಕೆ ಹೋಗಿ. ಚೆನ್ನಾಗಿಲ್ಲದಿದ್ದರೆ ತೊಂದರೆ ಜಾಡಿಯಲ್ಲಿದೆ. ಮುಂದೆ ಓದಿ.

ಕಪ್ಪಾಗಿದೆ, ಮಂದವಾಗಿದೆ, ಕಾಫಿ ಪರಿಮಳವೇ ಇಲ್ಲ

ಇದು ಚಿಕೋರಿಯ ಕೆಲಸ. ಪೊಟ್ಟಣ ತಿರುಗಿಸಿ ನೋಡಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಯಾವುದು ಎಷ್ಟು ಪರ್ಸೆಂಟ್ ಅಂತ ಬರೆದಿರಲೇಬೇಕು. ಕಾಫಿ ಕನಿಷ್ಠ 51% ಇರಬೇಕು ಅನ್ನುವುದು ನಿಯಮ. ಅಂದರೆ ಉಳಿದ 49%ವರೆಗೂ ಚಿಕೋರಿ ಇರಬಹುದು. ಬಿಡಿಯಾಗಿ ಕಟ್ಟಿಸಿಕೊಂಡು ಬಂದ ಪುಡಿಯಾದರೆ ಬರಹ ಇರುವುದಿಲ್ಲ, ಅಂಗಡಿಯವರ ಮಾತೇ ಲೇಬಲ್.

ಅನುಮಾನ ಇದ್ದರೆ ಒಂದು ಗಾಜಿನ ಲೋಟ ತಣ್ಣೀರು ತಗೊಳ್ಳಿ. ನೀರು ಅಲುಗಾಡದೆ ನಿಲ್ಲಲಿ. ಮೇಲಿನಿಂದ ಅರ್ಧ ಚಮಚ ಪುಡಿ ಉದುರಿಸಿ, ಮುಟ್ಟದೆ ನೋಡುತ್ತಾ ಕೂರಿ. ಕಾಫಿ ಪುಡಿ ಮೇಲೆಯೇ ತೇಲುತ್ತದೆ, ನೀರಿಗೆ ಬಣ್ಣ ಬಿಡೋಕೆ ಸಮಯ ತಗೊಳ್ಳುತ್ತದೆ. ಚಿಕೋರಿ ಹಾಗಲ್ಲ. ಬಿದ್ದ ಕೂಡಲೇ ನೀರು ಹೀರಿ, ಹಿಂದೆ ಕಂದು ಗೆರೆ ಎಳೆಯುತ್ತಾ ತಳಕ್ಕೆ ಇಳಿಯುತ್ತದೆ. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಆ ಗೆರೆಗಳು ಒಂದೊಂದಾಗಿ ಕಾಣುತ್ತವೆ. ಗೆರೆಗಳು ಜಾಸ್ತಿ ಇದ್ದಷ್ಟೂ ಚಿಕೋರಿ ಜಾಸ್ತಿ.

ಇದೇ ಆಟ ನಿಮ್ಮ ಜಾಡಿಯಲ್ಲೂ ನಡೆಯುತ್ತದೆ. ಚಿಕೋರಿ ತಣ್ಣೀರಲ್ಲೂ ಬೇಗ ಕರಗುತ್ತದೆ. ಕಾಫಿಗೆ ತಣ್ಣೀರಲ್ಲಿ ಗಂಟೆಗಟ್ಟಲೆ ಬೇಕು. ಹಾಗಾಗಿ ಅರ್ಧ ಗಂಟೆಯಲ್ಲೇ ನೀರು ಕಪ್ಪಾಗಿ, ‘ಆಹಾ, ಎಷ್ಟು ಸ್ಟ್ರಾಂಗ್’ ಅನ್ನಿಸುತ್ತದೆ. ಕುಡಿದರೆ ಸುಟ್ಟ ಬೆಲ್ಲದ ಸಿಹಿಗಹಿ, ನಾಲಗೆ ಮೇಲೆ ಒಂದು ಮಂದ. ಬಣ್ಣ ನೋಡಿ ಹದ ಹೇಳೋಕೆ ಹೋಗಬೇಡಿ.

ಬಿಸಿ ಫಿಲ್ಟರ್ ಕಾಫಿಗೆ ಚಿಕೋರಿ ಇರಲೇಬೇಕು ಅನ್ನುವವರ ಜೊತೆ ನನಗೆ ಜಗಳ ಇಲ್ಲ. ಹಾಲು ಸೇರಿದಾಗ ಅದು ಕೊಡುವ ಗಟ್ಟಿತನವೇ ಬೇರೆ. ತಣ್ಣೀರಿನ ಜಾಡಿಗೆ ಮಾತ್ರ ಅದು ಬೇಡ. ಅಂಗಡಿಯಲ್ಲಿ ‘ಪ್ಯೂರ್ ಕಾಫಿ, ಚಿಕೋರಿ ಬೇಡ’ ಅಂತ ಬಾಯಿಬಿಟ್ಟು ಹೇಳಿ. ಪ್ಲಾಂಟೇಷನ್ ಎ ಅಥವಾ ಪ್ಲಾಂಟೇಷನ್ ಪೀಬೆರಿ ದರ್ಜೆ ಕೇಳಿದರೆ ಅರೇಬಿಕಾ ಜಾತಿಯ ಕಾಫಿ ಸಿಗುತ್ತದೆ. ಹುರಿತ ಮಧ್ಯಮ ಇರಲಿ, ಇಲ್ಲವೇ ಅದಕ್ಕಿಂತ ಒಂದು ಕೈ ಮೇಲೆ.

ಕಹಿ, ಒಗರು, ಜೊತೆಗೆ ಕೆಸರು

ಈ ಮೂರೂ ಒಟ್ಟಿಗೆ ಬಂದರೆ ಪುಡಿ ನುಣ್ಣಗಿದೆ. ಬರೀ ಕಹಿ ಮಾತ್ರ ಇದ್ದು ಕೆಸರಿಲ್ಲದಿದ್ದರೆ ಹುರಿತ ಜಾಸ್ತಿಯಾಗಿರಬಹುದು. ಒಗರು, ಅಂದರೆ ಕುಡಿದ ಮೇಲೆ ನಾಲಗೆ ಒಣಗಿ ಎಳೆದುಕೊಳ್ಳುವುದು, ನುಣ್ಣನೆ ಪುಡಿಯ ಗುರುತು.

ಒಂದು ಚಿಟಿಕೆ ಪುಡಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿ. ಬೆರಳಿನ ಗೆರೆಗಳಲ್ಲಿ ಪುಡಿ ಅಂಟಿ ಕೂತರೆ ಅದು ಫಿಲ್ಟರ್ ಪುಡಿ. ಕೋಲ್ಡ್ ಬ್ರೂಗೆ ಬೇಕಾದದ್ದು ಇಡ್ಲಿ ರವೆಯಷ್ಟು ತರಿ. ಉಜ್ಜಿದರೆ ಕಣ ಕಣವಾಗಿ ಉರುಳಿ ಉದುರಬೇಕು. ನುಣ್ಣನೆ ಪುಡಿಯಲ್ಲಿ ನೀರು ಎಲ್ಲ ಕಡೆಯಿಂದ ಬೇಗ ಒಳಹೊಕ್ಕು, ಬೇಡದ್ದನ್ನೂ ಎಳೆದು ತರುತ್ತದೆ. ಮೇಲಿಂದ ಆ ಧೂಳು ಯಾವ ಜರಡಿಗೂ ನಿಲ್ಲುವುದಿಲ್ಲ. ಸೋಸಿದ ಮೇಲೂ ಡಿಕಾಕ್ಷನ್‌ನಲ್ಲೇ ತೇಲುತ್ತಾ ಫ್ರಿಜ್ ಒಳಗೆ ಇನ್ನಷ್ಟು ಕಹಿ ಬಿಡುತ್ತಾ ಇರುತ್ತದೆ. ಮೊದಲ ದಿನ ಚೆನ್ನಾಗಿದ್ದದ್ದು ಮೂರನೇ ದಿನಕ್ಕೆ ಕಹಿಯಾಯ್ತು ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಕಾಫಿ ಹುರಿದು ಪುಡಿ ಮಾಡಿಕೊಡುವ ಅಂಗಡಿಯಲ್ಲಿ ತರಿ ಮಾಡಿಸುವುದೇ ಒಂದು ಪಂಚಾಯ್ತಿ.

‘ಅಣ್ಣಾ, ಸ್ವಲ್ಪ ತರಿತರಿಯಾಗಿ ಹಾಕಿಕೊಡಿ.’

‘ಡಿಕಾಕ್ಷನ್ ಇಳಿಯಲ್ಲ ಸಾರ್, ನೀರ್ ನೀರಾಗುತ್ತೆ. ಆಮೇಲೆ ನನ್ನ ಬೈಬೇಡಿ.’

‘ಫಿಲ್ಟರ್‌ಗಲ್ಲ ಅಣ್ಣಾ, ತಣ್ಣೀರಲ್ಲಿ ನೆನೆಹಾಕೋಕೆ.’

ಅವರು ನಿಮ್ಮನ್ನು ಒಂದು ಥರ ನೋಡುತ್ತಾರೆ, ನೋಡಲಿ. ಫ್ರೆಂಚ್ ಪ್ರೆಸ್‌ಗೆ (ತರಿ ಪುಡಿ ಬಳಸುವ ಕಾಫಿ ಪಾತ್ರೆ) ಅಂದರೆ ಕೆಲವರಿಗೆ ಬೇಗ ತಿಳಿಯುತ್ತದೆ. ಮಿಷಿನ್‌ನಿಂದ ಮೊದಲು ಬೀಳುವ ಒಂದು ಹಿಡಿ ಪುಡಿ ಮಾತ್ರ ಬೇಡ ಅನ್ನಿ. ಅದರಲ್ಲಿ ನಿಮಗಿಂತ ಮುಂಚೆ ಬಂದವರ ನುಣ್ಣನೆ ಪುಡಿ, ಕೆಲವು ಸಲ ಅವರ ಚಿಕೋರಿ ಕೂಡ ಸೇರಿರುತ್ತದೆ.

ಮನೆಯ ಮಿಕ್ಸಿಯಲ್ಲೇ ಮಾಡುವುದಾದರೆ ಇನ್ನೊಂದು ಎಡವಟ್ಟಿದೆ. ಮಿಕ್ಸಿ ಬ್ಲೇಡ್ ಬೀಜವನ್ನು ಒಂದೇ ಸಮ ಒಡೆಯುವುದಿಲ್ಲ. ಅರ್ಧ ಧೂಳು, ಅರ್ಧ ಚೂರು. ಧೂಳಿನಿಂದ ಕಹಿ, ಚೂರಿನಿಂದ ನೀರುನೀರು, ಎರಡೂ ಒಂದೇ ಲೋಟದಲ್ಲಿ. ಒಂದೇ ಸಮ ಓಡಿಸಬೇಡಿ. ಒಂದೊಂದು ಸೆಕೆಂಡ್ ಬಿಟ್ಟು ಬಿಟ್ಟು ತಿರುಗಿಸಿ, ನಡುವೆ ಜಾರ್ ಅಲುಗಾಡಿಸಿ. ಆಮೇಲೆ ಹಿಟ್ಟಿನ ಜರಡಿಯಲ್ಲಿ ಆಡಿಸಿ. ಕೆಳಗೆ ಬಿದ್ದ ಧೂಳು ಬೆಳಗಿನ ಫಿಲ್ಟರ್‌ಗೆ, ಮೇಲೆ ನಿಂತ ತರಿ ಜಾಡಿಗೆ. ಮತ್ತೆ, ಸಾರಿನ ಪುಡಿ ಮಾಡುವ ಜಾರ್ ಇದಕ್ಕೆ ಬೇಡವೇ ಬೇಡ. ಎಷ್ಟೇ ತೊಳೆದರೂ ಮುಚ್ಚಳದ ರಬ್ಬರ್‌ನಲ್ಲಿ ಕೊತ್ತಂಬರಿ, ಮೆಂತ್ಯದ ವಾಸನೆ ಉಳಿದಿರುತ್ತದೆ, ಕಾಫಿ ಅದನ್ನು ಹುಡುಕಿ ಎತ್ತಿಕೊಳ್ಳುತ್ತದೆ.

ಈಗಾಗಲೇ ಕಹಿಯಾದ ಡಿಕಾಕ್ಷನ್ ಏನು ಮಾಡೋಣ? ಕಹಿ ತೆಗೆಯೋಕೆ ಆಗಲ್ಲ, ಮುಚ್ಚಬಹುದು. ಒಂದು ಲೋಟಕ್ಕೆ ಉಪ್ಪಿನ ಒಂದೆರಡು ಕಣ ಹಾಕಿ ನೋಡಿ. ಉಪ್ಪು ಗೊತ್ತಾಗಬಾರದು, ಕಹಿ ಮಾತ್ರ ಇಳಿಯಬೇಕು. ಗಟ್ಟಿ ಹಾಲಿನ ಜೊತೆ ಅದು ನಡೆಯುತ್ತದೆ.

ನೀರುನೀರಾಗಿದೆ

ಇಲ್ಲಿ ಮೊದಲು ಲೆಕ್ಕ. ಕಾಫಿ ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. 100 ಗ್ರಾಂ ಪುಡಿಗೆ 500 ಮಿ.ಲೀ. ಹಾಕಿದ್ದರೆ ಕೈಗೆ ಸಿಗಬೇಕಾದದ್ದು 300 ಮಿ.ಲೀ. ಹತ್ತಿರ. 400 ಸಿಕ್ಕಿದೆಯಾ? ಹಾಗಾದರೆ ಒಂದೋ ಪುಡಿ ಕಡಿಮೆ ಬಿದ್ದಿದೆ, ಇಲ್ಲವೇ ಪುಡಿಯೆಲ್ಲ ನೆನೆದಿಲ್ಲ.

ಲೋಟದಲ್ಲಿ ಅಳೆದರೆ ಪುಡಿ ಕಡಿಮೆ ಬೀಳುವುದು ಸುಲಭ. ತರಿ ಎಷ್ಟು, ಎಷ್ಟು ಒತ್ತಿ ತುಂಬಿದಿರಿ ಅನ್ನುವುದರ ಮೇಲೆ ಅದೇ ಲೋಟದ ತೂಕ ಬದಲಾಗುತ್ತದೆ. ಅಡುಗೆಮನೆಯ ತಕ್ಕಡಿ ಇದ್ದರೆ ಅದನ್ನೇ ಬಳಸಿ.

ನೆನೆಯದ ಪುಡಿ ಪತ್ತೆ ಮಾಡೋಕೆ ಗಸಿಯನ್ನು ಚೆಲ್ಲುವ ಮೊದಲು ಚಮಚದಿಂದ ಕೆದಕಿ ನೋಡಿ. ಒಳಗೆ ಒಣಗಿದ, ತಿಳಿ ಬಣ್ಣದ ಗಂಟುಗಳು ಕಂಡರೆ ಆ ಭಾಗಕ್ಕೆ ನೀರೇ ತಲುಪಿಲ್ಲ. ಹೊಸದಾಗಿ ಹುರಿದ ಪುಡಿಯಲ್ಲಿ ಇದು ಜಾಸ್ತಿ. ಹುರಿದಾಗ ಬೀಜದೊಳಗೆ ಸೇರಿದ ಇಂಗಾಲದ ಡೈಆಕ್ಸೈಡ್ ಇನ್ನೂ ಹೊರಬರುತ್ತಾ ಇರುತ್ತದೆ, ಪುಡಿಯನ್ನು ಮೇಲಕ್ಕೆ ಎತ್ತಿ ತೇಲಿಸುತ್ತದೆ. ಮೇಲೊಂದು ದಪ್ಪ ಪದರ ಕಟ್ಟಿ, ಅದರ ನಡುಭಾಗ ಒಣಗೇ ಉಳಿಯುತ್ತದೆ. ಎಲ್ಲ ನೀರನ್ನೂ ಒಂದೇ ಸಲ ಸುರಿಯಬೇಡಿ. ಪುಡಿ ತೊಯ್ಯುವಷ್ಟು ಮೊದಲು ಹಾಕಿ, ಕಲಸಿ, ಐದು ನಿಮಿಷ ಬಿಡಿ. ಆಮೇಲೆ ಉಳಿದದ್ದು. ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ ತಿರುಗಿಸಿ. ಅಲ್ಲಿಗೆ ಸಾಕು, ರಾತ್ರಿ ಎದ್ದೆದ್ದು ಕಲಕಬೇಕಾಗಿಲ್ಲ.

ಅಳತೆಯೂ ಸರಿ, ಗಸಿಯೂ ನೆನೆದಿದೆ, ಆದರೂ ತೆಳು ಅನ್ನಿಸಿದರೆ ಮಾತ್ರ ಗಂಟೆಯ ಕಡೆ ನೋಡಿ. ಡಿಸೆಂಬರ್‌ನ ಮಡಿಕೇರಿಯ ಅಡುಗೆಮನೆಯೂ ಮೇ ತಿಂಗಳ ಕಲಬುರಗಿಯ ಅಡುಗೆಮನೆಯೂ ಒಂದೇ ಅಲ್ಲ. ಚಳಿಗೆ ಇನ್ನೂ ನಾಲ್ಕು ಗಂಟೆ ಜಾಸ್ತಿ ಕೊಡಿ. 40 ಡಿಗ್ರಿ ಬಿಸಿಲಿನ ಊರಲ್ಲಿ ಹೊರಗಿಡುವ ಮಾತೇ ಬೇಡ, ಮೊದಲಿಂದಲೇ ಫ್ರಿಜ್. ಹುರಿತ ತೀರಾ ತಿಳಿಯಾಗಿದ್ದರೂ ತಣ್ಣೀರಿಗೆ ಸರಿಯಾಗಿ ಬಿಟ್ಟುಕೊಡುವುದಿಲ್ಲ.

ಹುಳಿಯಾಗಿದೆ

ಹುಳಿಯಲ್ಲಿ ಎರಡು ಬಗೆ. ಮೊದಲನೇದು ಹಣ್ಣಿನ ಹುಳಿ: ಬಾಯಲ್ಲಿ ಚುರುಕಾಗಿ ಬಂದು ಹೋಗುತ್ತದೆ, ವಾಸನೆ ಚೆನ್ನಾಗಿಯೇ ಇರುತ್ತದೆ. ಅದು ಅರೇಬಿಕಾದ ಗುಣ, ಕೆಟ್ಟದ್ದಲ್ಲ. ಬೇಡ ಅನ್ನುವವರು ಹುರಿತ ಒಂದು ಹದ ಏರಿಸಲಿ, ಇಲ್ಲವೇ ಸ್ವಲ್ಪ ರೋಬಸ್ಟಾ ಬೆರೆಸಲಿ. ಮಾನ್ಸೂನ್ಡ್ ಮಲಬಾರ್ ಸಿಕ್ಕರೆ ಇನ್ನೂ ಒಳ್ಳೆಯದು. ಮಳೆಗಾಲದ ತೇವದ ಗಾಳಿಗೆ ವಾರಗಟ್ಟಲೆ ಒಡ್ಡಿದ ಬೀಜ ಅದು, ಹುಳಿ ತುಂಬ ಕಡಿಮೆ.

ಎರಡನೇದು ಹಳಸಿದ ಹುಳಿ. ಇದನ್ನು ಹಗುರವಾಗಿ ತಗೋಬೇಡಿ. ಕೋಲ್ಡ್ ಬ್ರೂ ಯಾವ ಹಂತದಲ್ಲೂ ಕುದಿಯುವುದಿಲ್ಲ. ಪುಡಿಯಲ್ಲಿ, ಜಾಡಿಯಲ್ಲಿ, ಸೋಸುವ ಬಟ್ಟೆಯಲ್ಲಿ ಏನೇ ಸೂಕ್ಷ್ಮಜೀವಿ ಇದ್ದರೂ ಹಾಗೇ ಉಳಿದಿರುತ್ತದೆ. ಗಾಜಿನ ಜಾಡಿಯನ್ನು ಬಿಸಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಮುಚ್ಚಳದ ರಬ್ಬರ್ ಉಂಗುರ ಬಿಚ್ಚಿ ತೊಳೆಯಿರಿ, ಹೆಚ್ಚಿನವರು ಮರೆಯುವುದು ಅದನ್ನೇ. ಸೋಸಿದ ಡಿಕಾಕ್ಷನ್ ಕೂಡಲೇ ಫ್ರಿಜ್‌ಗೆ ಹೋಗಬೇಕು. ಬಾಗಿಲಲ್ಲಿ ಬೇಡ, ಒಳಗೆ ಹಿಂದಕ್ಕೆ ಇಡಿ, ಅಲ್ಲಿ ತಂಪು ಏರಿಳಿಯುವುದು ಕಡಿಮೆ. ನೀರು ಬೆರೆಸದ ಡಿಕಾಕ್ಷನ್ ಒಂದು ವಾರದೊಳಗೆ ಮುಗಿಸಿ, ನೀರು ಬೆರೆಸಿದ್ದನ್ನು ಎರಡು ದಿನದೊಳಗೆ. ಹಾಲು ಬೆರೆಸಿದರೆ ಆಗಲೇ ಕುಡಿಯಿರಿ. ಕರೆಂಟ್ ಹೋಗಿ ಫ್ರಿಜ್ ಅರ್ಧ ದಿನ ಬೆಚ್ಚಗೆ ಕೂತಿತ್ತಾ? ಹಾಗಿದ್ದರೆ ಯೋಚನೆ ಬೇಡ, ಚೆಲ್ಲಿ.

ಹುಳಿಯೂ ಅಲ್ಲ, ಕಹಿಯೂ ಅಲ್ಲ, ಹಳೇ ಎಣ್ಣೆಯ ಕಮಟು ಬಂದರೆ ಪುಡಿ ಹಳತಾಗಿದೆ. ಅದಕ್ಕೆ ಮದ್ದಿಲ್ಲ.

ಸಪ್ಪೆ: ನೀರಿನ ಕಿತಾಪತಿ

ಪುಡಿ ಒಳ್ಳೆಯದು, ಅಳತೆ ಸರಿ, ಆದರೂ ರುಚಿ ಚಪ್ಪಟೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ಮಾಮೂಲಿ. ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಕಾಫಿಯ ಹುಳಿಯನ್ನು ಹೊಡೆದು ಹಾಕುತ್ತದೆ. ಸ್ವಲ್ಪ ಹುಳಿಯೂ ಇಲ್ಲದ ಕಾಫಿ ಸಪ್ಪೆ ಅಲ್ವಾ? ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ನಿಮ್ಮ ನೀರು ಗಡಸು. ಕುದಿಸಿ, ಆರಿಸಿ, ತಳದ ಬಿಳಿ ಗಸಿ ಬರದ ಹಾಗೆ ಮೇಲಿನ ನೀರು ಬಗ್ಗಿಸಿಕೊಂಡರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ. ನಲ್ಲಿ ನೀರಿನ ಕ್ಲೋರಿನ್ ವಾಸನೆಯೂ ಕುದಿಸಿದರೆ ಹೋಗುತ್ತದೆ.

ಆರ್‌ಓ ನೀರಿನದು ಇದರ ಉಲ್ಟಾ. ಲವಣವೆಲ್ಲ ತೆಗೆದುಬಿಟ್ಟ ನೀರಿನಲ್ಲಿ ಕಾಫಿ ಟೊಳ್ಳಾಗಿ, ಚೂಪಾಗಿ ಬರುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ 150ರ ಆಸುಪಾಸು ಇರಲಿ. ಮೀಟರ್ ಇಲ್ಲದಿದ್ದರೆ ಎರಡು ಸಣ್ಣ ಬಾಟಲಿಗಳಲ್ಲಿ ಅದೇ ಪುಡಿ, ಎರಡು ಬೇರೆ ನೀರು ಹಾಕಿ ಒಂದೇ ರಾತ್ರಿ ಇಡಿ. ಬೆಳಿಗ್ಗೆ ನಾಲಗೆಯೇ ಹೇಳುತ್ತದೆ.

ಸೋಸೋಕೆ ಆಗುತ್ತಿಲ್ಲ

ನುಣ್ಣನೆ ಪುಡಿಯ ಮಾತು ಆಗಲೇ ಆಯ್ತು. ಅದಾದ ಮೇಲೂ ಕೆಸರು ಬಂದರೆ ನೀವು ಹಿಂಡುತ್ತಿದ್ದೀರಿ. ಬಟ್ಟೆಯ ಗಂಟನ್ನು ಹಿಂಡಿ ಕೊನೆಯ ಹನಿ ತೆಗೆಯುವ ಆಸೆ ನಮಗೆಲ್ಲ ಇದ್ದದ್ದೇ. ಆ ಕೊನೆಯ ಹನಿಗಳಲ್ಲೇ ಧೂಳು, ಒಗರು ಎಲ್ಲ ಇರುತ್ತದೆ. ಮೊದಲು ಸ್ಟೀಲ್ ಜರಡಿ, ಆಮೇಲೆ ನೀರಲ್ಲಿ ಒದ್ದೆ ಮಾಡಿದ ಮಲ್ ಬಟ್ಟೆ, ತಾನಾಗಿ ಇಳಿಯಲಿ. ಬಟ್ಟೆಗೆ ಸೋಪಿನ ಪುಡಿ ತೋರಿಸಬೇಡಿ, ಆ ಘಮ ಕಾಫಿಗೆ ಬರುತ್ತದೆ. ಬಿಸಿನೀರಲ್ಲಿ ಜಾಲಿಸಿ ಬಿಸಿಲಿಗೆ ಹಾಕಿದರೆ ಸಾಕು. ಇಷ್ಟಾದ ಮೇಲೂ ತಳದಲ್ಲಿ ಕೆಸರು ಕಂಡರೆ ಒಂದು ರಾತ್ರಿ ಫ್ರಿಜ್‌ನಲ್ಲಿ ಅಲುಗಾಡಿಸದೆ ಇಟ್ಟು ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ.

ಲೋಟದಲ್ಲಿ ಕೆಟ್ಟದ್ದು

ಹಾಲು ಒಡೆಯಿತಾ? ಅದೇ ಪ್ಯಾಕೆಟ್ ಹಾಲನ್ನು ಸ್ವಲ್ಪ ಬೇರೆಯಾಗಿ ಕಾಯಿಸಿ. ಬರೀ ಹಾಲೇ ಒಡೆದರೆ ಕಾಫಿಯದ್ದೇನೂ ತಪ್ಪಿಲ್ಲ. ಹಾಲು ಸರಿಯಿದ್ದರೆ ಡಿಕಾಕ್ಷನ್ ಹಳಸಿರಬಹುದು.

ಹಾಲು ಹಾಕಿದ ಕೂಡಲೇ ಕಾಫಿ ಮಾಯವಾಯ್ತು ಅನ್ನುವವರು ಹಾಲನ್ನೊಮ್ಮೆ ನೋಡಲಿ. ಟೋನ್ಡ್ ಹಾಲಿನಲ್ಲಿ ಕೊಬ್ಬು 3%, ಫುಲ್ ಕ್ರೀಮ್‌ನಲ್ಲಿ 6%. ತೆಳು ಹಾಲು ಸುಮ್ನೆ ನೀರು ಸೇರಿಸಿದ ಹಾಗೆ. ಹಾಲು ಕಾಯಿಸಿ ಆರಿಸಿ, ಫ್ರಿಜ್‌ನಲ್ಲಿಟ್ಟು ತಣ್ಣಗಾದ ಮೇಲೆ ಬಳಸಿ.

ಸಕ್ಕರೆ ತಳದಲ್ಲೇ ಕೂತರೆ ಕಲಕುತ್ತಾ ಕೂರಬೇಡಿ. ಸಕ್ಕರೆ, ನೀರು ಸಮಸಮ ಹಾಕಿ ಕರಗಿಸಿ ಒಂದು ಬಾಟಲಿಯಲ್ಲಿ ಇಟ್ಟುಕೊಳ್ಳಿ. ಮಲೆನಾಡಿನ ಜೋನಿ ಬೆಲ್ಲ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಬೆಲ್ಲ ಹಾಕಿದರೆ ಹಾಲು ಒಡೆಯುತ್ತೆ ಅನ್ನುವ ಭಯ ಬಿಸಿ ಹಾಲಿನದು. ತಣ್ಣನೆ ಹಾಲಿನಲ್ಲಿ ಆ ಕಾಟ ಇರುವುದಿಲ್ಲ.

ಐಸ್ ಕರಗಿ ತೆಳುವಾಗುತ್ತಿದ್ದರೆ ಐಸನ್ನೂ ನೀರು ಅಂತಲೇ ಲೆಕ್ಕ ಹಾಕಿ. ಲೋಟದ ತುಂಬ ಐಸ್ ಹಾಕುವವರು ಒಂದಕ್ಕೆ ಎರಡರ ಬದಲು ಒಂದಕ್ಕೆ ಒಂದು ಬೆರೆಸಲಿ. ಐಸ್ ತುಂಡನ್ನೇ ಮೂಸಿ ನೋಡಿ. ತಿಂಗಳಾನುಗಟ್ಟಲೆ ಟ್ರೇಯಲ್ಲಿ ಕೂತ ಐಸ್‌ಗೆ ಫ್ರೀಜರ್‌ನ ವಾಸನೆ ಹಿಡಿದಿರುತ್ತದೆ.

ರುಚಿ ಚೆನ್ನಾಗಿದೆ, ಎದೆ ಡವಡವ ಅನ್ನುತ್ತಿದೆ

ಮೇಲಿನ ಎಡವಟ್ಟುಗಳನ್ನೆಲ್ಲ ಸರಿ ಮಾಡಿಕೊಂಡವರಿಗೆ ಬರುವ ತೊಂದರೆ ಇದು. ಚಿಕೋರಿಯಲ್ಲಿ ಕೆಫೀನ್ ಇಲ್ಲ. 40% ಚಿಕೋರಿಯ ಪುಡಿಗೆ ಒಗ್ಗಿಕೊಂಡವರು ಈಗ ಪೂರ್ತಿ ಕಾಫಿ ಕುಡಿಯುತ್ತಿದ್ದಾರೆ, ಅದೂ ತಣ್ಣಗೆ, ಗಟಗಟ.

ಅರೇಬಿಕಾದಲ್ಲಿ ಕೆಫೀನ್ ಸುಮಾರು 1.2%, ರೋಬಸ್ಟಾದಲ್ಲಿ ಅದರ ಎರಡರಷ್ಟರ ಹತ್ತಿರ. ನಮ್ಮ ಅಳತೆಯಲ್ಲಿ 100 ಗ್ರಾಂ ಅರೇಬಿಕಾಗೆ 500 ಮಿ.ಲೀ. ನೀರು. ಪೂರ್ತಿ ಕೆಫೀನ್ ನೀರಿಗೆ ಬಂತು ಅಂದುಕೊಂಡರೂ ಒಂದು ಲೋಟಕ್ಕೆ ಹಾಕುವ 60 ಮಿ.ಲೀ. ಡಿಕಾಕ್ಷನ್‌ನಲ್ಲಿ ಹೆಚ್ಚೆಂದರೆ 145 ಮಿಲಿಗ್ರಾಂ ಇರುತ್ತದೆ. ಅದೇ ಜಾಗದಲ್ಲಿ ರೋಬಸ್ಟಾ ಹಾಕಿದರೆ 260 ದಾಟಬಹುದು. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ಮಿತಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ, ಬಸುರಿಯರಿಗೆ ಇನ್ನೂ ಕಡಿಮೆ. ಅಂದರೆ ರೋಬಸ್ಟಾದ ಎರಡು ಲೋಟಕ್ಕೇ ಮಿತಿ ದಾಟಿಹೋಗಬಹುದು.

ಪುಡಿಯ ಅಂಗಡಿಯಲ್ಲಿ ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು ಅಂತ ಕೇಳಿಕೊಳ್ಳಿ. ಡಿಕಾಕ್ಷನ್ ಅನ್ನು ಕಣ್ಣಳತೆಯಲ್ಲಿ ಸುರಿಯದೆ ಅಳೆದು ಹಾಕಿ. ಸಂಜೆ ನಾಲ್ಕರ ಮೇಲೆ ಬಾಟಲಿ ಮುಟ್ಟಬೇಡಿ. ಇಷ್ಟಾದರೂ ಎದೆಬಡಿತ ನಿಲ್ಲದಿದ್ದರೆ ಕಾಫಿ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.